ಪೆಟ್ಟಿಗೆಯಲ್ಲಿ ಬಂದ ಬಾಣಂತನ: ‘ಮನಃಶಾಂತಿ’ ಮಾರುವ ಗಿಡಮೂಲಿಕೆ ಕಿಟ್ ಒಂದರ ವಿಮರ್ಶೆ

ಹೆರಿಗೆಯಾದ ಹದಿಮೂರನೆಯ ದಿನ ತೀರ್ಥಹಳ್ಳಿಯ ನನ್ನ ತವರುಮನೆಗೆ ಒಂದು ಪೆಟ್ಟಿಗೆ ಬಂತು. ಬೆಂಗಳೂರಿನಲ್ಲಿರುವ ನನ್ನ ನಾದಿನಿ ಅಕ್ಕರೆಯಿಂದ ತರಿಸಿಕೊಟ್ಟದ್ದು. ಬೆಲೆ 3,450 ರೂಪಾಯಿ. ಒಳಗೆ ಅರ್ಧ ಕಿಲೋ ಬಾಣಂತಿ ಲೇಹ್ಯ, 450 ಮಿಲಿಯ ಎರಡು ಬಾಟಲಿ ದಶಮೂಲಾರಿಷ್ಟ, ಮೈಗೆ ಹಚ್ಚುವ ತೈಲ, ‘ಬ್ರಾಹ್ಮಿ ಚಹಾ’ದ ಪೊಟ್ಟಣಗಳು, ಅರವತ್ತು ಕ್ಯಾಪ್ಸೂಲ್‌ಗಳ ಒಂದು ಡಬ್ಬಿ, ಜೊತೆಗೆ ನುಣುಪು ಕಾಗದದಲ್ಲಿ ಅಚ್ಚಾದ ಒಂದು ಕೈಪಿಡಿ ಇದ್ದವು. ಹೆರಿಗೆಯ ನಂತರದ ಖಿನ್ನತೆ ಮತ್ತು ಆತಂಕಗಳನ್ನು ಈ ಕಿಟ್ ‘ಬುಡದಿಂದಲೇ’ ನಿವಾರಿಸುತ್ತದೆ, ಹಾಲುಣಿಸುವ ತಾಯಿಗೂ ಮಗುವಿಗೂ ಇದು ‘ನೂರಕ್ಕೆ ನೂರು ಸುರಕ್ಷಿತ’ ಎಂದು ಆ ಕೈಪಿಡಿಯ ಮೊದಲ ಪುಟದಲ್ಲೇ ಬರೆದಿತ್ತು. ಕಂಪನಿಯ ಹೆಸರನ್ನು ನಾನು ಹೇಳುವುದಿಲ್ಲ. ಇಂಥದೇ ಪೆಟ್ಟಿಗೆಗಳನ್ನು ಇಂಥದೇ ಮಾತುಗಳೊಡನೆ ಮಾರುವವರು ಹಲವರಿದ್ದಾರೆ. ಕೊಳ್ಳುವವರು ಚೀಟಿಯಲ್ಲಿ ಏನನ್ನು ನೋಡಬೇಕು ಎಂಬುದು ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಚೀಟಿ ಓದದೆ ಏನನ್ನೂ ಬಾಯಿಗೆ ಹಾಕಬೇಡಿ ಎಂದು ಮಕ್ಕಳಿಗೆ ವರ್ಷವಿಡೀ ಹೇಳುವವಳು, ಆ ಕ್ಯಾಪ್ಸೂಲ್‌ಗಳನ್ನು ಚೀಟಿ ಓದದೆಯೇ ಇಪ್ಪತ್ಮೂರು ದಿನ ನುಂಗಿದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆಗ ನನ್ನ ಸ್ಥಿತಿ ಹಾಗಿತ್ತು. ನಾಲ್ಕನೆಯ ದಿನ ಶುರುವಾದ ಅಳು ಎರಡು ವಾರ ಕಳೆದರೂ ನಿಂತಿರಲಿಲ್ಲ. ಹೆರಿಗೆಯಾದ ಕೂಡಲೇ ಮೈಯಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟೆರಾನ್ ಮಟ್ಟಗಳು ತಟಕ್ಕನೆ ಇಳಿಯುವುದರಿಂದ ಮೊದಲ ವಾರದಲ್ಲಿ ಕಾರಣವಿಲ್ಲದೆ ಕಣ್ಣು ತುಂಬುವುದು ಸಹಜ. ಆದರೆ ಅದು ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿ ತಗ್ಗುತ್ತದೆ, ತಗ್ಗದಿದ್ದರೆ ಅದನ್ನು ಬೇರೆಯೇ ಆಗಿ ನೋಡಬೇಕು ಎಂಬುದು ನನಗೆ ಪುಸ್ತಕದಲ್ಲಿ ಗೊತ್ತಿತ್ತು, ನನ್ನ ಮೈಯಲ್ಲಿ ಗೊತ್ತಾಗಲಿಲ್ಲ. ಮಗು ಮಲಗಿದಾಗಲೂ ನಾನು ಮಲಗುತ್ತಿರಲಿಲ್ಲ. ಅದರ ಮೂಗಿನ ಬಳಿ ಬೆರಳಿಟ್ಟು ಉಸಿರು ಎಣಿಸುತ್ತ ಕೂರುತ್ತಿದ್ದೆ. “ಹಾಲು ಕುಡ್ಸೋಳು ಹಿಂಗೆ ಕಣ್ಣೀರು ಹಾಕ್ಬಾರ್ದು ಮಾರಾಯ್ತಿ, ಹಾಲು ಬತ್ತಿ ಹೋಗುತ್ತೆ” ಎಂದು ದೊಡ್ಡಮ್ಮ ಪ್ರೀತಿಯಿಂದಲೇ ಹೇಳಿದ ಮಾತು ನನ್ನ ಹೆದರಿಕೆಗೆ ಇನ್ನೊಂದು ಹೆದರಿಕೆಯನ್ನು ಸೇರಿಸಿತು. ಆ ಹೊತ್ತಿಗೆ ಬಂದ ಪೆಟ್ಟಿಗೆ ಅದು.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಲೇಹ್ಯ ನಿಜಕ್ಕೂ ಚೆನ್ನಾಗಿತ್ತು. ಒಣಶುಂಠಿ, ಹಿಪ್ಪಲಿ, ಕಾಳುಮೆಣಸು, ಜೀರಿಗೆ, ಓಮ, ಸಬ್ಬಸಿಗೆ ಬೀಜ, ಬೆಲ್ಲ, ತುಪ್ಪ ಇವೇ ಮುಖ್ಯ ಪದಾರ್ಥಗಳು. ನಮ್ಮ ಕಡೆ ಬಾಣಂತಿಗೆ ಮನೆಯಲ್ಲೇ ಕಾಯಿಸಿ ಕೊಡುವ ಮದ್ದಿಗೂ ವೈದ್ಯರು ಸೌಭಾಗ್ಯ ಶುಂಠಿ ಎಂದು ಕರೆಯುವ ಲೇಹ್ಯಕ್ಕೂ ಹತ್ತಿರದ ನೆಂಟು. ಪಾಕ ಹದವಾಗಿ ಬಂದಿತ್ತು, ತುಪ್ಪದ ವಾಸನೆ ಹಳತಾಗಿರಲಿಲ್ಲ, ಶುಂಠಿಯ ಖಾರ ಗಂಟಲಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಹೆರಿಗೆಯ ನಂತರ ಸತ್ತುಹೋಗಿದ್ದ ನನ್ನ ಹಸಿವು ಬೆಳಗಿನ ಒಂದು ಚಮಚ ಲೇಹ್ಯದಿಂದ ಎಷ್ಟೋ ಚೇತರಿಸಿತು. ಆದರೆ ಇದು ಆಹಾರ, ಒಳ್ಳೆಯ ಆಹಾರ. ಮನಸ್ಸಿನ ಕಾಯಿಲೆಗೆ ಇದನ್ನು ಔಷಧವೆನ್ನಲು ಯಾವ ಆಧಾರವನ್ನೂ ಕೈಪಿಡಿ ಕೊಡುವುದಿಲ್ಲ. ಅರ್ಧಕ್ಕರ್ಧ ಬೆಲ್ಲವಿರುವುದರಿಂದ ಬಸುರಿನಲ್ಲಿ ಸಕ್ಕರೆ ಏರಿದ್ದವರು ಅಳತೆ ನೋಡಿ ತಿನ್ನಬೇಕು ಎಂಬ ಒಂದು ಸಾಲನ್ನಾದರೂ ಅವರು ಅಚ್ಚು ಹಾಕಿಸಬಹುದಿತ್ತು. ಶಿವಮೊಗ್ಗದ ಯಾವುದೇ ಗ್ರಂಥಿಗೆ ಅಂಗಡಿಯಲ್ಲಿ ಇದೇ ಸಾಮಾನುಗಳನ್ನು ಕಟ್ಟಿಸಿಕೊಂಡು ಬಂದು ಮನೆಯಲ್ಲಿ ಕಾಯಿಸಿದರೆ ಖರ್ಚು ಅರ್ಧಕ್ಕಿಂತ ಕಡಿಮೆಯಾಗುತ್ತದೆ; ಕಾಯಿಸಲು ಮನೆಯಲ್ಲಿ ಯಾರೂ ಇಲ್ಲದವರಿಗೆ ಈ ಡಬ್ಬಿ ದೊಡ್ಡ ಅನುಕೂಲ ಎಂಬುದನ್ನೂ ಹೇಳಬೇಕು.

ತೈಲದ ಬಗ್ಗೆಯೂ ನನಗೆ ತಕರಾರಿಲ್ಲ. ಎಳ್ಳೆಣ್ಣೆಯಲ್ಲಿ ಬಲಾ ಬೇರು ಹಾಕಿ ಕಾಯಿಸಿದ್ದು. ಎರೆಯಲು ಬರುತ್ತಿದ್ದ ಹೆಂಗಸು ಅದನ್ನು ಬಿಸಿ ಮಾಡಿ ಸೊಂಟಕ್ಕೆ, ಬೆನ್ನಿಗೆ, ಕಾಲಿಗೆ ತಿಕ್ಕಿ, ಹಂಡೆ ನೀರು ಹೊಯ್ದು, ಹೊದೆಸಿ ಮಲಗಿಸುತ್ತಿದ್ದ ಆ ಒಂದು ಗಂಟೆಯಲ್ಲಿ ಮಗು ಬೇರೊಬ್ಬರ ಕೈಯಲ್ಲಿ ಇರುತ್ತಿತ್ತು, ನಾನು ನಿದ್ದೆ ಮಾಡುತ್ತಿದ್ದೆ. ಕೆಲಸ ಮಾಡಿದ್ದು ಎಣ್ಣೆಯೋ ಆ ನಿದ್ದೆಯೋ ಎಂದು ಕೇಳಿದರೆ ನನ್ನ ಮತ ನಿದ್ದೆಗೇ. ಮುಚ್ಚಿದ ಕೋಣೆಯಲ್ಲಿ ಸಾಂಬ್ರಾಣಿ ಹೊಗೆ ಹಾಕಿ ಎಂಬ ಕೈಪಿಡಿಯ ಸಲಹೆಯನ್ನು ಮಾತ್ರ ನಾವು ಪಾಲಿಸಲಿಲ್ಲ. ಕೂಸಿನ ಪುಪ್ಪುಸಕ್ಕೆ ಹೊಗೆ ಒಳ್ಳೆಯದಲ್ಲ.

ದಶಮೂಲಾರಿಷ್ಟದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಬಿಲ್ವ, ಶಿವನಿ, ನೆಗ್ಗಿಲು ಮೊದಲಾದ ಹತ್ತು ಬೇರುಗಳ ಕಷಾಯವನ್ನು ಬೆಲ್ಲದೊಡನೆ ಹುದುಗಿಸಿ ಮಾಡುವ ಅರಿಷ್ಟವಿದು. ಬಾಣಂತಿಯರಿಗೆ ಇದನ್ನು ಕೊಡುವ ರೂಢಿ ಬಹಳ ಹಳೆಯದು. ಹುದುಗಿದ್ದರಿಂದ ಇದರಲ್ಲಿ ಮದ್ಯಸಾರ ತಾನಾಗಿ ಹುಟ್ಟುತ್ತದೆ, ಮತ್ತು ಬಾಟಲಿಯ ಮೇಲೆ ‘ಸ್ವಯಂಜನಿತ ಮದ್ಯಸಾರ ಶೇ. 5ರಿಂದ 10’ ಎಂದು ಪ್ರಾಮಾಣಿಕವಾಗಿಯೇ ಬರೆದಿತ್ತು. ನಮ್ಮ ಮನೆಯಲ್ಲಿ ಆ ಸಾಲು ಕಣ್ಣಿಗೆ ಬಿದ್ದ ದಿನ ದೊಡ್ಡ ಚರ್ಚೆಯೇ ನಡೆಯಿತು. ಅಮ್ಮ ಬಾಟಲಿಯನ್ನೇ ಎಸೆಯಲು ಹೊರಟಿದ್ದಳು. ನಾನು ಲೆಕ್ಕ ಹಾಕಿದೆ: ಶೇ. 10 ಎಂದೇ ಹಿಡಿದರೂ ಒಂದು ಸಲದ 20 ಮಿಲಿ ಪ್ರಮಾಣದಲ್ಲಿ 2 ಮಿಲಿ ಮದ್ಯಸಾರ, ತೂಕದಲ್ಲಿ ಸುಮಾರು 1.6 ಗ್ರಾಂ, 30 ಮಿಲಿಯ ಒಂದು ಸಣ್ಣ ಪೆಗ್ ವಿಸ್ಕಿಯಲ್ಲಿ ಸುಮಾರು 10 ಗ್ರಾಂ ಇರುತ್ತದೆ. ಎದೆಹಾಲಿನಲ್ಲಿ ಮದ್ಯಸಾರದ ಮಟ್ಟ ತಾಯಿಯ ರಕ್ತದ ಮಟ್ಟವನ್ನೇ ಅನುಸರಿಸುತ್ತದೆ, ಕುಡಿದ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ತುದಿ ಮುಟ್ಟಿ ಇಳಿಯುತ್ತದೆ. ಆದ್ದರಿಂದ ಇದು ಗಾಬರಿ ಬೀಳುವಷ್ಟಲ್ಲ. ಮಗುವಿಗೆ ಹಾಲುಣಿಸಿದ ಮೇಲೆ ತೆಗೆದುಕೊಂಡರೆ ಮುಂದಿನ ಹಾಲಿನ ಹೊತ್ತಿಗೆ ಅದು ಬಹುಮಟ್ಟಿಗೆ ಇಳಿದಿರುತ್ತದೆ. ಆದರೆ ಕೈಪಿಡಿಯಲ್ಲಿ ಬರೆದದ್ದೇನು? ‘ಹಾಲುಣಿಸುವ ಹದಿನೈದು ನಿಮಿಷ ಮೊದಲು ಸೇವಿಸಿ’ ಎಂದು. ಬಾಟಲಿಯ ಮೇಲಿನ ಸಾಲನ್ನೂ ಕೈಪಿಡಿಯ ಸಾಲನ್ನೂ ಒಬ್ಬರೇ ಕೂತು ಓದಿದ್ದರೆ ಈ ತಪ್ಪು ಆಗುತ್ತಿರಲಿಲ್ಲ. ದಿನ ತುಂಬದೆ ಹುಟ್ಟಿದ ಮಗುವಿದ್ದರೆ, ಅಥವಾ ತಾಯಿಗೆ ಮೊದಲೇ ಕುಡಿತದ ತೊಂದರೆ ಇದ್ದಿದ್ದರೆ, ಇಷ್ಟು ಸಣ್ಣ ಪ್ರಮಾಣವೂ ಬೇಡ ಎನ್ನುವುದೇ ಸರಿ. ನನ್ನ ಮಟ್ಟಿಗೆ ಇದರಿಂದ ಹೊಟ್ಟೆಯುಬ್ಬರ ಕಡಿಮೆಯಾಯಿತು. ಮನಸ್ಸಿಗೆ ಏನೂ ಆಗಲಿಲ್ಲ.

ಚಹಾದ ಪೊಟ್ಟಣ ಕೈಗೆತ್ತಿಕೊಂಡಾಗ ನನ್ನೊಳಗಿನ ಜೀವಶಾಸ್ತ್ರದ ಮೇಡಂ ಮೊದಲ ಸಲ ಎಚ್ಚರಗೊಂಡಳು. ಪೊಟ್ಟಣದ ಮೇಲೆ ಬ್ರಾಹ್ಮಿ ಎಂದು ದಪ್ಪ ಅಕ್ಷರದಲ್ಲಿ, ಅದರ ಕೆಳಗೆ ಸಣ್ಣದಾಗಿ ‘ಸೆಂಟೆಲ್ಲಾ ಏಷಿಯಾಟಿಕಾ’ ಎಂದು ಇತ್ತು. ಕ್ಯಾಪ್ಸೂಲ್ ಡಬ್ಬಿಯ ಮೇಲೂ ಬ್ರಾಹ್ಮಿ ಇತ್ತು. ಅಲ್ಲಿ ಮಾತ್ರ ‘ಬಕೋಪಾ ಮೊನಿಯೇರಿ’. ಇವು ಎರಡು ಬೇರೆ ಬೇರೆ ಸಸ್ಯಗಳು, ಒಂದೇ ಕುಟುಂಬಕ್ಕೆ ಸೇರಿದವೂ ಅಲ್ಲ. ಮೊದಲನೆಯದು ನಮ್ಮ ತೋಟದ ಬದುವಿನಲ್ಲಿ, ಅಡಿಕೆ ಮರದ ಬುಡದಲ್ಲಿ ಹಬ್ಬುವ ಒಂದೆಲಗ; ತುಳುವರು ತಿಮರೆ ಎನ್ನುವುದು ಇದನ್ನೇ. ಎರಡನೆಯದು ಜೌಗಿನಲ್ಲಿ ಬೆಳೆಯುವ, ಪುಟ್ಟ ದಪ್ಪ ಎಲೆಗಳ ನೀರುಬ್ರಾಹ್ಮಿ. ಜನ ಎರಡನ್ನೂ ಬ್ರಾಹ್ಮಿ ಎನ್ನುವುದು ತಪ್ಪಲ್ಲ, ಹೆಸರುಗಳು ಹಾಗೆಯೇ ಬೆಳೆಯುತ್ತವೆ. ಆದರೆ ಒಂದೇ ಪೆಟ್ಟಿಗೆಯಲ್ಲಿ ಎರಡನ್ನೂ ಇಟ್ಟು, ‘ಬ್ರಾಹ್ಮಿಯ ಗುಣಗಳು’ ಎಂದು ಒಂದೇ ಪಟ್ಟಿ ಕೊಟ್ಟವರಿಗೆ ತಾವು ಯಾವ ಗಿಡದ ಗುಣ ಹೇಳುತ್ತಿದ್ದೇವೆ ಎಂಬುದರ ಅರಿವಿಲ್ಲ. ಅಂದಹಾಗೆ ಆ ಚಹಾಕ್ಕೆ ಹುಲ್ಲಿನ ರುಚಿ. ಅಮ್ಮ ಅದೇ ಒಂದೆಲಗಕ್ಕೆ ಜೀರಿಗೆ, ಮೆಣಸು, ಕಾಯಿತುರಿ ಹಾಕಿ ಅರೆದು, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿದರೆ ಎರಡು ತುತ್ತು ಅನ್ನ ಹೆಚ್ಚಿಗೆ ಹೋಗುತ್ತದೆ, ಮತ್ತು ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಇನ್ನು ಕ್ಯಾಪ್ಸೂಲ್. ಖಿನ್ನತೆ, ಆತಂಕ ಎಂಬ ಎರಡು ಪದಗಳಿಗಾಗಿಯೇ ಈ ಪೆಟ್ಟಿಗೆಯನ್ನು ಕೊಳ್ಳುವವರು ನಿಜವಾಗಿ ಕೊಳ್ಳುವುದು ಇದನ್ನೇ. 500 ಮಿಲಿಗ್ರಾಂನ ಒಂದು ಕ್ಯಾಪ್ಸೂಲ್‌ನಲ್ಲಿ ಅಶ್ವಗಂಧದ ಸತ್ವ 300, ನೀರುಬ್ರಾಹ್ಮಿ 100, ಜಟಾಮಾಂಸಿ 50, ತಗರ 50 ಮಿಲಿಗ್ರಾಂ, ದಿನಕ್ಕೆ ಎರಡು. ಮನೆಯಲ್ಲಿ ಹಾಲಿಗೆ ಹಾಕಿ ಕುದಿಸುವ ಅಶ್ವಗಂಧದ ಪುಡಿಗೂ ‘ಸತ್ವ’ಕ್ಕೂ ವ್ಯತ್ಯಾಸವಿದೆ. ಬೇರಿನ ಸಾರವನ್ನು ದ್ರಾವಕದಲ್ಲಿ ಇಳಿಸಿ ಗಟ್ಟಿಯಾಗಿಸಿದ್ದು ಸತ್ವ. ಎಷ್ಟು ಬೇರಿನಿಂದ ಎಷ್ಟು ಸತ್ವ ಎಂಬ ಪ್ರಮಾಣ ಚೀಟಿಯಲ್ಲಿ ಇಲ್ಲದಿದ್ದರೆ 300 ಮಿಲಿಗ್ರಾಂ ಎಂಬ ಅಂಕಿಗೆ ಅರ್ಥವಿಲ್ಲ. ಅಜ್ಜಿಯ ಕಾಲದಿಂದ ಬಳಸುತ್ತಿದ್ದೇವೆ ಎಂಬ ಸಮಾಧಾನವೂ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಅಜ್ಜಿ ಬಳಸಿದ್ದು ಇದನ್ನಲ್ಲ.

ಅಶ್ವಗಂಧದಿಂದ ಒತ್ತಡ, ಆತಂಕ ಸ್ವಲ್ಪ ತಗ್ಗುತ್ತದೆ ಎಂದು ತೋರಿಸಿದ ಸಣ್ಣ ಪ್ರಯೋಗಗಳು ಇವೆ. ಅವು ನಡೆದದ್ದು ಸಾಮಾನ್ಯ ವಯಸ್ಕರ ಮೇಲೆ. ಹಾಲುಣಿಸುವವರನ್ನು ಇಂಥ ಪ್ರಯೋಗಗಳಿಂದ ಸಾಮಾನ್ಯವಾಗಿ ಹೊರಗೇ ಇಡುತ್ತಾರೆ. ಅದು ಎದೆಹಾಲಿಗೆ ಎಷ್ಟು ಇಳಿಯುತ್ತದೆ, ಮೂರು ವಾರದ ಕೂಸಿನ ಯಕೃತ್ತು ಅದನ್ನು ಹೇಗೆ ಸಂಭಾಳಿಸುತ್ತದೆ ಎಂದು ನೆಚ್ಚಿಕೊಳ್ಳಬಹುದಾದ ಅಳತೆಗಳೇ ಇಲ್ಲದಿರುವಾಗ ‘ನೂರಕ್ಕೆ ನೂರು ಸುರಕ್ಷಿತ’ ಎಂದು ಬರೆಯಲು ಧೈರ್ಯ ಬೇಕು. ಇದಕ್ಕಿಂತ ಹತ್ತಿರದ ಇನ್ನೊಂದು ತೊಂದರೆ ಇದೆ. ಅಶ್ವಗಂಧ ಕೆಲವರಲ್ಲಿ ಥೈರಾಯ್ಡ್ ಹಾರ್ಮೋನನ್ನು ಏರಿಸುತ್ತದೆ. ಹೆರಿಗೆಯಾದ ಮೊದಲ ವರ್ಷದಲ್ಲಿ ಕೆಲವು ತಾಯಂದಿರಿಗೆ ಥೈರಾಯ್ಡ್ ಗ್ರಂಥಿಯ ಉರಿಯೂತ ಬರುತ್ತದೆ. ಮೊದಲು ಹಾರ್ಮೋನು ಹೆಚ್ಚಾಗಿ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ನಿದ್ದೆ ಬಾರದಿರುವುದು, ಆಮೇಲೆ ಹಾರ್ಮೋನು ಇಳಿದು ಸುಸ್ತು, ಮಂಕು, ಅಳು. ಹೊರಗಿನಿಂದ ನೋಡಿದರೆ ಇವು ಆತಂಕ ಮತ್ತು ಖಿನ್ನತೆಯಂತೆಯೇ ಕಾಣುತ್ತವೆ. ಅಂಥವಳೊಬ್ಬಳು ರಕ್ತಪರೀಕ್ಷೆ ಮಾಡಿಸದೆ ‘ಮನಃಶಾಂತಿ’ಗೆಂದು ಇದೇ ಕ್ಯಾಪ್ಸೂಲ್ ನುಂಗಿದರೆ ಉರಿಯುವ ಒಲೆಗೆ ಸೌದೆ ಇಟ್ಟಂತೆ. ಅಶ್ವಗಂಧದ ಉತ್ಪನ್ನಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಪರೂಪ, ಆದರೆ ಇವೆ. ಜಟಾಮಾಂಸಿ, ತಗರಗಳು ಜೊಂಪು ತರಿಸುವ ಬೇರುಗಳು. ಅದರಲ್ಲೂ ಜಟಾಮಾಂಸಿ ಹಿಮಾಲಯದ ಎತ್ತರದಲ್ಲಷ್ಟೇ ಬೆಳೆಯುವ, ಅತಿಯಾಗಿ ಕಿತ್ತು ಅಳಿವಿನಂಚಿಗೆ ಬಂದಿರುವ ಸಸ್ಯವಾದ್ದರಿಂದ ಅದರ ಹೆಸರಿನಲ್ಲಿ ಬೇರೆ ಬೇರು ಬೆರೆಸುವುದು ಪೇಟೆಯಲ್ಲಿ ಹೊಸತಲ್ಲ. ರಾತ್ರಿ ಮಗುವನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುವ ತಾಯಿಗೆ ಮಂಪರು ತರುವ ಏನನ್ನೇ ಕೊಡುವಾಗಲೂ ಒಂದು ಎಚ್ಚರಿಕೆ ಹೇಳಬೇಡವೇ?

ಎಚ್ಚರಿಕೆ ಇತ್ತು. ಡಬ್ಬಿಯ ತಳದ ಅಂಚಿನಲ್ಲಿ, ಅಮ್ಮನ ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರಗಳಲ್ಲಿ, ‘ಗರ್ಭಿಣಿಯರು ಹಾಗೂ ಹಾಲುಣಿಸುವ ತಾಯಂದಿರು ವೈದ್ಯರ ಸಲಹೆ ಪಡೆದೇ ಬಳಸಬೇಕು’ ಎಂದು. ಬಾಣಂತಿಯರಿಗೆಂದೇ ಮಾರುವ ಪೆಟ್ಟಿಗೆಯಲ್ಲಿ! ಹೆರಿಗೆಯಾದ ನಲವತ್ತನೆಯ ದಿನದ ಹೊತ್ತಿಗೆ ನಾನು ಆ ಸಾಲು ಓದಿ ಕ್ಯಾಪ್ಸೂಲ್ ನಿಲ್ಲಿಸಿದೆ. ಅಷ್ಟರಲ್ಲಿ ನಲವತ್ತಾರು ನುಂಗಿದ್ದೆ. ನನ್ನ ಅಳುವಾಗಲಿ, ರಾತ್ರಿ ಉಸಿರು ಎಣಿಸುವುದಾಗಲಿ ಒಂದಿಷ್ಟೂ ತಗ್ಗಿರಲಿಲ್ಲ. ಆ ದಿನಗಳಲ್ಲಿ ಮಗು ಹೆಚ್ಚು ಮಲಗುತ್ತಿತ್ತೇ ಎಂದು ಆಮೇಲೆ ಬಹಳ ಯೋಚಿಸಿದೆ. ಆ ವಯಸ್ಸಿನ ಕೂಸು ಹೇಗೂ ಮಲಗುತ್ತದೆ, ಇದರಿಂದಲೇ ಎಂದು ಹೇಳುವುದು ನ್ಯಾಯವಲ್ಲ.

ಸೇವೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನ ದೊಡ್ಡ ತಕರಾರು ಅಲ್ಲಿದೆ. ಪೆಟ್ಟಿಗೆಯ ಜೊತೆಗೆ ‘ತಜ್ಞರೊಡನೆ ಉಚಿತ ಸಮಾಲೋಚನೆ’ ಎಂಬ ಚೀಟಿ ಇತ್ತು. ಕರೆ ಮಾಡಿದಾಗ ಮಾತಾಡಿದ ಹುಡುಗಿ ಬಹಳ ನಯವಾಗಿ ಮಾತಾಡಿದಳು. ಮಗುವಿಗೆ ಎಷ್ಟು ದಿನ, ದಿನ ತುಂಬಿ ಹುಟ್ಟಿತೇ, ನಾನು ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಥೈರಾಯ್ಡ್ ಅಥವಾ ರಕ್ತದೊತ್ತಡ ಇದೆಯೇ ಎಂಬ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬದುಕು ಬೇಡ ಎನಿಸುತ್ತದೆಯೇ ಎಂದಂತೂ ಕೇಳಲೇ ಇಲ್ಲ. ನಿದ್ದೆ ಬರುತ್ತಿಲ್ಲ ಎಂದೆ. “ಹಾಗಾದ್ರೆ ಮೇಡಂ, ನಮ್ಮಲ್ಲೇ ನಿದ್ರೆಗೆ ಇನ್ನೊಂದು ಗುಳಿಗೆ ಇದೆ, ಕಂಪ್ಲೀಟ್ ನ್ಯಾಚುರಲ್, ಇವತ್ತೇ ಕಳಿಸ್ತೀವಿ” ಎಂದಳು. 640 ರೂಪಾಯಿ ಕೊಟ್ಟೆ. ಮೂರು ದಿನಕ್ಕೆ ಬಂದ ಆ ಡಬ್ಬಿಯ ಮೇಲೆ ಮೊದಲ ಹೆಸರೇ ಸರ್ಪಗಂಧ.

ಸರ್ಪಗಂಧ ನಿಷ್ಪ್ರಯೋಜಕ ಬೇರಲ್ಲ. ಅದಕ್ಕೆ ನಿಜವಾದ ಶಕ್ತಿಯಿದೆ, ತೊಂದರೆ ಇರುವುದೇ ಅಲ್ಲಿ. ಅದರ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪಿನ್ ಎಂಬ ವಸ್ತು ಮುಂದೆ ರಕ್ತದೊತ್ತಡಕ್ಕೂ ಮನೋರೋಗಕ್ಕೂ ಔಷಧವಾಗಿ ಜಗತ್ತಿನಾದ್ಯಂತ ಬಳಕೆಗೆ ಬಂತು. ಅದು ಮಿದುಳಿನಲ್ಲಿ ಮನಸ್ಸಿನ ಹದ ಕಾಯುವ ರಾಸಾಯನಿಕಗಳಾದ ಸೆರೊಟೋನಿನ್, ಡೋಪಮಿನ್, ನಾರ್‌ಅಡ್ರಿನಲಿನ್‌ಗಳ ದಾಸ್ತಾನನ್ನು ಬರಿದು ಮಾಡುತ್ತದೆ. ಅದನ್ನು ತೆಗೆದುಕೊಂಡ ಕೆಲವರಲ್ಲಿ ಖಿನ್ನತೆ ಕಾಣಿಸಿಕೊಂಡಿತೆಂಬ ವರದಿಗಳ ಕಾರಣದಿಂದಲೇ, ಖಿನ್ನತೆ ಇರುವವರಿಗೆ ರೆಸರ್ಪಿನ್ ಕೊಡಬಾರದು ಎಂಬ ನಿಯಮ ಬಂತು. ಅದು ಎದೆಹಾಲಿಗೂ ಇಳಿಯುತ್ತದೆ, ಕೂಸಿಗೆ ಮೂಗು ಕಟ್ಟುವಂತೆ ಮಾಡಬಲ್ಲದು. ಮೂಗಿನಿಂದಲೇ ಉಸಿರಾಡುತ್ತ ಹಾಲು ಕುಡಿಯುವ ಕೂಸಿಗೆ ಮೂಗು ಕಟ್ಟುವುದೆಂದರೆ ಸಣ್ಣ ಸಂಗತಿಯಲ್ಲ. ಖಿನ್ನತೆಯಲ್ಲಿರುವ, ಹಾಲುಣಿಸುವ ಹೆಂಗಸಿಗೆ ಫೋನಿನಲ್ಲಿ ಎರಡು ನಿಮಿಷ ಮಾತಾಡಿ ಇದನ್ನು ಕಳಿಸಿದರು. ಆ ಡಬ್ಬಿಯ ಸೀಲನ್ನು ನಾನು ಒಡೆಯಲಿಲ್ಲ. ಒಬ್ಬ ನುರಿತ ಆಯುರ್ವೇದ ವೈದ್ಯರಾಗಿದ್ದರೂ ಇದನ್ನು ಹೀಗೆ ಕೊಡುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಈ ತಪ್ಪನ್ನು ಆಯುರ್ವೇದದ ತಲೆಗೆ ಕಟ್ಟಬಾರದು. ನಾಡಿ ಹಿಡಿಯದೆ, ಮುಖ ನೋಡದೆ, ಪೆಟ್ಟಿಗೆ ಮಾರುವ ವ್ಯಾಪಾರದ ತಪ್ಪಿದು.

ಚೀಟಿ ಓದುವ ಅಭ್ಯಾಸ ಮರಳಿ ಬಂದ ಮೇಲೆ ಇನ್ನೊಂದು ಸಂಗತಿ ಕಂಡಿತು. ಅರಿಷ್ಟ, ತೈಲ, ಕ್ಯಾಪ್ಸೂಲ್‌ಗಳ ಮೇಲೆ ಆಯುಷ್ ತಯಾರಿಕಾ ಪರವಾನಗಿಯ ಸಂಖ್ಯೆ ಇತ್ತು. ಚಹಾ ಮತ್ತು ಲೇಹ್ಯಗಳ ಮೇಲೆ ಇದ್ದದ್ದು ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಮಾತ್ರ. ಅಂದರೆ ಕಾನೂನಿನ ಕಣ್ಣಿನಲ್ಲಿ ಅವು ಆಹಾರ. ಆಹಾರವೆಂದು ಪರವಾನಗಿ ಪಡೆದದ್ದನ್ನು ಖಿನ್ನತೆಯ ಮದ್ದೆಂದು ಮಾರುವ ಹಾಗಿಲ್ಲ. ಭಾರ ಲೋಹಗಳ ಪರೀಕ್ಷೆಯ ವರದಿ ಕೇಳಿ ಎರಡು ಸಲ ಮಿಂಚಂಚೆ ಬರೆದೆ, ಉತ್ತರ ಬರಲಿಲ್ಲ. ಇದು ಸುಮ್ಮನೆ ಹುಟ್ಟಿದ ಸಂಶಯವಲ್ಲ. ಅಂತರ್ಜಾಲದಲ್ಲಿ ಮಾರಾಟವಾಗುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2008ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಭಾರತದಲ್ಲಿ ತಯಾರಾದವುಗಳಲ್ಲಿ ಮಾತ್ರವಲ್ಲ, ಅಮೆರಿಕದಲ್ಲೇ ತಯಾರಾದವುಗಳಲ್ಲೂ. ಸೀಸ ಎದೆಹಾಲಿಗೆ ಇಳಿಯುತ್ತದೆ, ಕೂಸಿನ ಮಿದುಳಿಗೆ ಅದು ಯಾವ ಪ್ರಮಾಣದಲ್ಲೂ ಒಳ್ಳೆಯದಲ್ಲ.

ನ್ಯೂಜೆರ್ಸಿಯಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಈ ಕಥೆ ಕೇಳಿ, ಅಲ್ಲಿ ಅಂಗಡಿಗಳಲ್ಲಿ ಸಿಗುವ ‘ಸೇಂಟ್ ಜಾನ್ಸ್ ವರ್ಟ್’ ಕಳಿಸಲೇ ಎಂದು ಕೇಳಿದಳು. ಯುರೋಪಿನ ಈ ಹಳದಿ ಹೂವಿನ ಗಿಡಕ್ಕೆ ಸಾಧಾರಣ ಖಿನ್ನತೆಯ ಮೇಲೆ ಸ್ವಲ್ಪ ಪರಿಣಾಮ ಇದೆಯೆಂಬುದಕ್ಕೆ ಬೇರೆ ಎಲ್ಲ ಮೂಲಿಕೆಗಳಿಗಿಂತ ಹೆಚ್ಚಿನ ಆಧಾರವಿದೆ, ಮತ್ತು ಎದೆಹಾಲಿಗೆ ಇಳಿಯುವ ಪ್ರಮಾಣವೂ ಕಡಿಮೆ. ಆದರೆ ಅದು ಯಕೃತ್ತಿನಲ್ಲಿ ಔಷಧಗಳನ್ನು ಒಡೆಯುವ ಕಿಣ್ವಗಳನ್ನು ಚುರುಕುಗೊಳಿಸುವುದರಿಂದ ಗರ್ಭನಿರೋಧಕ ಮಾತ್ರೆಗಳೂ ಇನ್ನೂ ಹಲವು ಔಷಧಗಳೂ ಕೆಲಸ ಕಳೆದುಕೊಳ್ಳುತ್ತವೆ. ಖಿನ್ನತೆಯ ಮಾತ್ರೆಯ ಜೊತೆಗೆ ತೆಗೆದುಕೊಂಡರೆ ಸೆರೊಟೋನಿನ್ ಮಿತಿಮೀರಿ ಪ್ರಾಣಕ್ಕೇ ಕುತ್ತು ಬರಬಹುದು. ಕೈಗೂಸು ಮಡಿಲಲ್ಲಿರುವಾಗ ಮಾತ್ರೆ ಕೈಕೊಟ್ಟು ಮತ್ತೆ ಬಸುರಾಗುವುದು ಯಾರಿಗೂ ಬೇಕಾದ ಮನಃಶಾಂತಿಯಲ್ಲ. ಬೇಡವೆಂದೆ. ಕೇಸರಿಯ ಬಗ್ಗೆ ಮಾತ್ರ ಕುತೂಹಲವಿದೆ: ದಿನಕ್ಕೆ 30 ಮಿಲಿಗ್ರಾಂನಂತೆ ಬಾಣಂತಿಯರಿಗೇ ಕೊಟ್ಟು ನೋಡಿದ ಸಣ್ಣ ಪ್ರಯೋಗಗಳು ಇರಾನಿನಲ್ಲಿ ನಡೆದಿವೆ, ಸೌಮ್ಯ ಖಿನ್ನತೆಯಲ್ಲಿ ಫಲ ಆಶಾದಾಯಕವಾಗಿತ್ತು. ಆದರೆ ಹತ್ತಾರು ಮಂದಿಯ ಮೇಲಷ್ಟೇ ಆರೆಂಟು ವಾರ ನಡೆದ ಪ್ರಯೋಗದ ಮೇಲೆ ಯಾರೂ ತಮ್ಮ ಬಾಣಂತನವನ್ನು ಪಣಕ್ಕಿಡಬಾರದು. ಪೇಟೆಯ ಕೇಸರಿಯಲ್ಲಿ ಕೇಸರಿ ಎಷ್ಟು ಎಂಬುದು ಬೇರೆ ಮಾತು.

ನನಗೆ ಉಪಯೋಗಕ್ಕೆ ಬಂದದ್ದು ಏನು ಎಂಬುದನ್ನು ಹೇಳದಿದ್ದರೆ ಈ ವಿಮರ್ಶೆ ಅರ್ಧವಾಗುತ್ತದೆ. ಮಗುವಿನ ಹತ್ತನೆಯ ವಾರದ ಲಸಿಕೆಗೆ ಹೋದಾಗ ದಾದಿಯೊಬ್ಬರು ನನ್ನ ಮುಖ ನೋಡಿ, ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ ಕೊಟ್ಟು ತುಂಬಿಸಿ ಎಂದರು. ಬಾಣಂತಿಯರ ಖಿನ್ನತೆಯನ್ನು ಗುರುತಿಸಲು ಸ್ಕಾಟ್ಲೆಂಡಿನಲ್ಲಿ ರೂಪುಗೊಂಡು 1987ರಲ್ಲಿ ಪ್ರಕಟವಾದ ‘ಎಡಿನ್‌ಬರೊ’ ಪ್ರಶ್ನಾವಳಿ ಅದು. ಕಳೆದ ಏಳು ದಿನಗಳ ಬಗ್ಗೆ ಹತ್ತು ಪ್ರಶ್ನೆಗಳು, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 30; ಅಂಕ ಹೆಚ್ಚಿದಷ್ಟೂ ಖಿನ್ನತೆಯ ಶಂಕೆ ಹೆಚ್ಚು. ಹತ್ತನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. 3,450 ರೂಪಾಯಿಯ ಪೆಟ್ಟಿಗೆಯಲ್ಲಿ ಇಲ್ಲದಿದ್ದದ್ದು ಈ ಒಂದು ಹಾಳೆ. ನನಗೆ 17 ಬಂತು. ವೈದ್ಯೆ ಮೊದಲು ಬರೆದುಕೊಟ್ಟದ್ದು ರಕ್ತಪರೀಕ್ಷೆ: ಥೈರಾಯ್ಡ್ ಸರಿಯಿತ್ತು, ಹಿಮೋಗ್ಲೋಬಿನ್ 8.9. ಕಬ್ಬಿಣದ ಮಾತ್ರೆ, ವಾರಕ್ಕೊಮ್ಮೆ ಆಪ್ತಸಮಾಲೋಚನೆ, ಜೊತೆಗೆ ಸರ್ಟ್ರಲಿನ್ ಎಂಬ ಖಿನ್ನತೆಯ ಮಾತ್ರೆ. ಮೊದಲ ದಿನ ಅದನ್ನು ಕೈಯಲ್ಲಿ ಹಿಡಿದು ನಾನು ಎಷ್ಟು ಹೆದರಿದೆನೆಂದರೆ, ಅಷ್ಟು ಹೆದರಿಕೆಯಲ್ಲಿ ಹತ್ತರಲ್ಲೊಂದು ಪಾಲು ಆ ಕ್ಯಾಪ್ಸೂಲ್‌ಗಳ ಮುಂದೆ ಇದ್ದಿದ್ದರೂ ಸಾಕಿತ್ತು. ವಿಚಿತ್ರವೆಂದರೆ ಹಾಲಿನ ವಿಷಯದಲ್ಲಿ ಚೆನ್ನಾಗಿ ಅಳೆದು ನೋಡಿರುವುದು ಈ ಮಾತ್ರೆಯನ್ನೇ: ತಾಯಿಯ ತೂಕಕ್ಕೆ ತಕ್ಕ ಪ್ರಮಾಣದೊಡನೆ ಹೋಲಿಸಿದರೆ ಮಗುವಿಗೆ ತಲಪುವುದು ಸಾಮಾನ್ಯವಾಗಿ ಶೇ. 2ರ ಆಸುಪಾಸು ಅಥವಾ ಅದಕ್ಕೂ ಕಡಿಮೆ; ಶೇ. 10ರ ಒಳಗಿದ್ದರೆ ಸಾಧಾರಣವಾಗಿ ಒಪ್ಪತಕ್ಕದ್ದೆಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ನಾಲ್ಕನೆಯ ವಾರದಲ್ಲಿ ಒಂದು ರಾತ್ರಿ ಉಸಿರು ಎಣಿಸದೆ ಮಲಗಿದೆ. ಎಲ್ಲರಿಗೂ ಮಾತ್ರೆ ಬೇಕೆಂದಿಲ್ಲ. ಸೌಮ್ಯವಾಗಿದ್ದರೆ ಮಾತುಕತೆಯ ಚಿಕಿತ್ಸೆ, ನಿದ್ದೆ, ಮನೆಯವರ ಕೈ ಇವೇ ಸಾಕಾಗುವುದುಂಟು.

ನಮ್ಮಲ್ಲಿ ಹೆಂಗಸರು ಪೆಟ್ಟಿಗೆ ತರಿಸುವುದಕ್ಕೆ ಒಂದು ಕಾರಣ ‘ಬಾಣಂತಿ ಸನ್ನಿ’ ಎಂಬ ಮಾತಿನ ಭಯ ಎಂದು ನನಗೆ ಅನಿಸುತ್ತದೆ. ಬಾಯಿ ಬಿಟ್ಟರೆ ಸನ್ನಿ ಹಿಡಿದಿದೆ ಎಂದಾರು ಎಂದು ನಾನೂ ಆರನೆಯ ವಾರದ ಲಸಿಕೆಯಲ್ಲಿ ‘ಎಲ್ಲಾ ಚೆನ್ನಾಗಿದೆ’ ಎಂದು ಸುಳ್ಳು ಹೇಳಿದ್ದೆ. ಸನ್ನಿ ಎಂದು ಹಿರಿಯರು ಕರೆದದ್ದು ಬೇರೆ ಕಾಯಿಲೆ: ಸಾವಿರ ಹೆರಿಗೆಗೆ ಒಬ್ಬಿಬ್ಬರಲ್ಲಿ, ಬಹುಪಾಲು ಮೊದಲೆರಡು ವಾರದಲ್ಲೇ, ಇಲ್ಲದ ದನಿ ಕೇಳುವುದು, ಮಾತು ತಪ್ಪುವುದು, ದಿನಗಟ್ಟಲೆ ನಿದ್ದೆಯೇ ಬೇಡವಾಗುವುದು. ಅದಕ್ಕೆ ಯಾವ ಲೇಹ್ಯವನ್ನೂ ಕಾಯುತ್ತ ಕೂರದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ತಾಯಿ ಮಗುವನ್ನು ಅಗಲಿಸದೆ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ಇದೆ. ಖಿನ್ನತೆ ಅದಕ್ಕಿಂತ ಎಷ್ಟೋ ಸಾಮಾನ್ಯ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಬಾಣಂತಿಯರ ಪೈಕಿ ಶೇ. 22ರಷ್ಟು ಮಂದಿಯಲ್ಲಿ ಅದು ಕಂಡುಬಂದಿತ್ತು. ಅಪರಾತ್ರಿಯಲ್ಲಿ ಮಾತಾಡಬೇಕೆನಿಸಿದರೆ 14416 ಎಂಬ ಟೆಲಿ ಮಾನಸ್ ಸಂಖ್ಯೆ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸೇವೆ, ದುಡ್ಡಿಲ್ಲ, ಹಗಲಿರುಳೂ ಇರುತ್ತದೆ. ನಾನು ಒಮ್ಮೆ ಕರೆ ಮಾಡಿದ್ದೆ. ಅತ್ತ ಕಡೆಯವರು ಕನ್ನಡದಲ್ಲೇ ಮಾತಾಡಿದರು, ಮೊದಲು ಕೇಳಿದ್ದು “ಮಗು ಈಗ ಯಾರ ಹತ್ರ ಇದೆ, ನೀವು ಊಟ ಮಾಡಿದ್ರಾ” ಎಂದು.

ಅಂಕ ಕೊಡಲೇಬೇಕೆಂದರೆ ಲೇಹ್ಯಕ್ಕೆ ಐದಕ್ಕೆ ನಾಲ್ಕು, ತೈಲಕ್ಕೂ ನಾಲ್ಕು, ಅರಿಷ್ಟಕ್ಕೆ ಮೂರು, ಕೈಪಿಡಿಯ ತಪ್ಪಿಗಾಗಿ ಅದರಲ್ಲಿ ಅರ್ಧ ಅಂಕ ಕಡಿಮೆ, ಚಹಾಕ್ಕೆ ಒಂದೂವರೆ. ಕ್ಯಾಪ್ಸೂಲ್‌ಗೂ ಫೋನಿನ ಸಮಾಲೋಚನೆಗೂ ನಾನು ಅಂಕ ಕೊಡುವುದಿಲ್ಲ. ಲೇಹ್ಯ, ತೈಲಗಳನ್ನು ಬಿಡಿಯಾಗಿ ಕೊಟ್ಟರೆ ಕೊಳ್ಳಬಹುದು, ಆದರೆ ಸದ್ಯ ಕಂಪನಿ ಬಿಡಿಯಾಗಿ ಮಾರುವುದಿಲ್ಲ. ಉಳಿದ ಹದಿನಾಲ್ಕು ಕ್ಯಾಪ್ಸೂಲ್‌ಗಳನ್ನು ತೆರೆದ ಡಬ್ಬಿ ಎಂಬ ಕಾರಣಕ್ಕೆ ಅವರು ಹಿಂದಕ್ಕೆ ಪಡೆಯಲಿಲ್ಲ. ಸರ್ಪಗಂಧದ ಗುಳಿಗೆಯನ್ನು ಸೀಲು ಸಮೇತ ಕಳಿಸಿದೆ. ಮೂರು ಸಲ ಫೋನು ಮಾಡಿದ ಮೇಲೆ, ಹನ್ನೆರಡನೆಯ ದಿನ, ಅಂಚೆ ವೆಚ್ಚದ 80 ರೂಪಾಯಿ ಹಿಡಿದುಕೊಂಡು 560 ರೂಪಾಯಿ ಖಾತೆಗೆ ಹಾಕಿದರು.